ಶಾಲಾ ಗ್ರಂಥಾಲಯದಲ್ಲಿ ಪುಸ್ತಕ ಬೇಟೆ: ಐದು ತಂಡ, ಐದು ಮನೆ, ಒಂದು ಡಬಲ್ ಪೀರಿಯಡ್

ನಲವತ್ತು ಮಕ್ಕಳಿಗೆ ಒಂದೇ ಪ್ರಶ್ನೆಪಟ್ಟಿ ಕೊಟ್ಟು "ಗ್ರಂಥಾಲಯದ ಪುಸ್ತಕಗಳಲ್ಲಿ ಉತ್ತರ ಹುಡುಕಿ" ಅಂದು ನೋಡಿ. ಎರಡು ನಿಮಿಷದಲ್ಲಿ ನಲವತ್ತೂ ಮಕ್ಕಳು ಒಂದೇ ಬೀರುವಿನ ಮುಂದೆ ಇರುತ್ತಾರೆ. ಮುಂದಿನ ನಾಲ್ಕು ಮಕ್ಕಳ ಕೈಗೆ ಪುಸ್ತಕ ಸಿಗುತ್ತದೆ, ಹಿಂದಿನ ಮೂವತ್ತಾರು ಮಕ್ಕಳು ಅವರ ಉತ್ತರ ಕದ್ದು ಬರೆಯುತ್ತಾರೆ, ಬೆಲ್ ಹೊಡೆದಾಗ ನೆಲದ ಮೇಲೆ ಅರವತ್ತು ಪುಸ್ತಕ ಬಿದ್ದಿರುತ್ತವೆ. ಅವನ್ನು ಜೋಡಿಸುವ ಹೊತ್ತಿಗೆ "ಇನ್ನು ಈ ಆಟದ ಸಹವಾಸವೇ ಬೇಡ" ಅನ್ನಿಸಿಬಿಡುತ್ತದೆ. ಹಾಗಾಗಿ ಪುಸ್ತಕ ಬೇಟೆಯಲ್ಲಿ ಮೊದಲು ಯೋಚಿಸಬೇಕಾದದ್ದು ಯಾವ ಮಗು ಯಾವ ನಿಮಿಷದಲ್ಲಿ ಯಾವ ಬೀರುವಿನ ಮುಂದೆ ನಿಂತಿರುತ್ತದೆ ಎಂಬುದನ್ನು. ಪ್ರಶ್ನೆ ಬರೆಯುವುದು ಆಮೇಲಿನ ಮಾತು.

ಇಲ್ಲಿರುವ ಲೆಕ್ಕ 6ರಿಂದ 9ನೇ ತರಗತಿಯ 40 ಮಕ್ಕಳಿಗೆ, ಒಟ್ಟು 80 ನಿಮಿಷಕ್ಕೆ, ಅಂದರೆ ಎರಡು ಪೀರಿಯಡ್ ಕೂಡಿಸಿದ್ದಕ್ಕೆ. ಒಂದೇ ಪೀರಿಯಡ್‌ನಲ್ಲಿ ಮುಗಿಸುತ್ತೇವೆ ಎಂದು ಹೊರಡಬೇಡಿ. ಪುಸ್ತಕ ಮರಳಿ ಇಡುವ ಹೊತ್ತಿಗೇ ಬೆಲ್ ಹೊಡೆಯುತ್ತದೆ.

ತಂಡ, ಮನೆ, ಸಮಯ

ತರಗತಿಯನ್ನು ಇಪ್ಪತ್ತು ಇಪ್ಪತ್ತಾಗಿ ಎರಡು ಭಾಗ ಮಾಡಿ. ಒಂದು ಭಾಗ ಗ್ರಂಥಾಲಯದ ಒಳಗೆ, ಇನ್ನೊಂದು ಭಾಗ ಜಗಲಿಯಲ್ಲೋ ಪಕ್ಕದ ಕೋಣೆಯಲ್ಲೋ. ಒಳಗಿನ 20 ಮಕ್ಕಳು ನಾಲ್ಕು ನಾಲ್ಕರಂತೆ ಐದು ತಂಡ. ತಂಡದಲ್ಲಿ ಐದನೆಯವರು ಸೇರಿದರೆ ಅವರಿಗೆ ಕೆಲಸವೇ ಇರುವುದಿಲ್ಲ, ನೋಡುತ್ತ ನಿಲ್ಲುತ್ತಾರೆ ಅಥವಾ ತಂಟೆ ಮಾಡುತ್ತಾರೆ. ನಾಲ್ವರಲ್ಲಿ ಒಬ್ಬರು ಚೀಟಿ ಓದುವವರು, ಒಬ್ಬರು ಪುಸ್ತಕ ತೆಗೆಯುವವರು, ಒಬ್ಬರು ಬರೆಯುವವರು, ಒಬ್ಬರು ಪುಸ್ತಕ ವಾಪಸ್ ಇಡುವವರು. ಪ್ರತಿ ಮನೆಗೆ ಹೋದಾಗಲೂ ಈ ಕೆಲಸ ಬದಲಾಗಬೇಕು. ಇಲ್ಲದಿದ್ದರೆ ಚುರುಕಾದ ಒಂದು ಮಗುವೇ ನಾಲ್ಕೂ ಕೆಲಸ ಮಾಡಿಬಿಡುತ್ತದೆ.

ಗ್ರಂಥಾಲಯದಲ್ಲಿ ಐದು ಜಾಗ ಗುರುತಿಸಿ. ಚೌಕಾಬಾರದಲ್ಲಿ ಅನ್ನುವ ಹಾಗೆ ಅವನ್ನು 'ಮನೆ' ಎಂದು ಕರೆಯಿರಿ, ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಪ್ರತಿ ತಂಡ ಬೇರೆ ಬೇರೆ ಮನೆಯಿಂದ ಆಟ ಶುರುಮಾಡುತ್ತದೆ, ಐದು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದಾಗ ಎಲ್ಲರೂ ಬಲಗಡೆಯ ಮನೆಗೆ ಸರಿಯುತ್ತಾರೆ. ಕೆಂಪು ತಂಡ 1ನೇ ಮನೆಯಿಂದ, ಹಸಿರು 2ರಿಂದ, ನೀಲಿ 3ರಿಂದ, ಹೀಗೆ. ಯಾವ ಕ್ಷಣದಲ್ಲೂ ಒಂದು ಮನೆಯಲ್ಲಿ ಒಂದೇ ತಂಡ ಇರುತ್ತದೆ. ನೂಕುನುಗ್ಗಲಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಮನೆಗಳು ಒಂದಕ್ಕೊಂದು ಕನಿಷ್ಠ ಆರು ಅಡಿ ದೂರ ಇರಲಿ. ಎರಡು ಬೀರು ಎದುರುಬದುರಾಗಿದ್ದರೆ ಅವೆರಡರಲ್ಲಿ ಒಂದನ್ನು ಮಾತ್ರ ಮನೆ ಮಾಡಿ.

ಸಮಯದ ಲೆಕ್ಕ ಹೀಗೆ: ಆಟದ ನಿಯಮ ಹೇಳಲು 5 ನಿಮಿಷ, ಐದು ಮನೆಗೆ ತಲಾ ಐದರಂತೆ 25 ನಿಮಿಷ, ಪುಸ್ತಕ ಸರಿಪಡಿಸಲು 5 ನಿಮಿಷ. ಒಟ್ಟು 35. ಗುಂಪು ಅದಲುಬದಲಾಗಲು 5, ಎರಡನೇ ಗುಂಪಿಗೆ ಮತ್ತೆ 35, ಕೊನೆಗೆ ಫಲಿತಾಂಶಕ್ಕೆ 5.

ಹೊರಗಿರುವ ಗುಂಪನ್ನು ಖಾಲಿ ಕೂರಿಸುವಂತಿಲ್ಲ. ಪ್ರತಿ ಮಗುವಿಗೂ ಒಂದೊಂದು ಪುಸ್ತಕ ಕೊಟ್ಟು ಅದರ 'ಜಾತಕ' ಬರೆಸಿ: ಹೆಸರು, ಲೇಖಕರು, ಪ್ರಕಾಶಕರು, ಮೊದಲ ಮುದ್ರಣದ ವರ್ಷ, ಕೈಯಲ್ಲಿರುವುದು ಎಷ್ಟನೆಯ ಮುದ್ರಣ, ಪುಟ, ಬೆಲೆ, ಶಾಲೆಯ ಮೊಹರಿನ ಪಕ್ಕ ಬರೆದಿರುವ ದಾಖಲಾತಿ ಸಂಖ್ಯೆ. ಪ್ರಕಾಶಕರು, ಮುದ್ರಣದ ವಿವರ ಇರುವ ಆ ಹಕ್ಕುಪುಟವನ್ನು ಹೆಚ್ಚಿನ ಮಕ್ಕಳು ಎಂದೂ ತೆರೆದು ನೋಡಿರುವುದಿಲ್ಲ. ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಕೂಡ ಬರೆಸಬಹುದು. 2007ರಿಂದ ಅದು 13 ಅಂಕಿಯಾಗಿದೆ, ಅದಕ್ಕೂ ಹಿಂದಿನ ಪುಸ್ತಕದಲ್ಲಿ 10 ಅಂಕಿ, ಇನ್ನೂ ಹಳೆಯದರಲ್ಲಿ ಇರುವುದೇ ಇಲ್ಲ. "ನನ್ನ ಪುಸ್ತಕದಲ್ಲಿ ಮೂರು ಅಂಕಿ ಕಡಿಮೆ ಇದೆ ಸಾರ್" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಾಗಿರಲಿ.

ಬೇಕಾಗುವ ಸಾಮಾನು

ಅಂಚೆ ಕಾರ್ಡಿನಷ್ಟು ದಪ್ಪದ ರಟ್ಟಿನಲ್ಲಿ 4×6 ಇಂಚಿನ ಪ್ರಶ್ನೆ ಚೀಟಿಗಳು. ತಂಡಕ್ಕೊಂದು ಉತ್ತರ ಹಾಳೆ, ಕೆಳಗಿಡಲು ಒಂದು ಪರೀಕ್ಷೆ ಪ್ಯಾಡ್. ಪೆನ್ಸಿಲ್ ಮಾತ್ರ, ಪೆನ್ ಒಳಗೆ ಬರಕೂಡದು, ಏಕೆಂದರೆ ಹುಡುಕುವ ಭರದಲ್ಲಿ ಬೆರಳಿನ ಬದಲು ಪೆನ್ನಿನ ತುದಿಯಿಂದಲೇ ಸಾಲು ತೋರಿಸುತ್ತಾರೆ. ಒಂದು ಕೈಗಂಟೆ, ಇಲ್ಲದಿದ್ದರೆ ಸ್ಟೀಲ್ ತಟ್ಟೆ ಮತ್ತು ಚಮಚ.

ಇವೆಲ್ಲಕ್ಕಿಂತ ಮುಖ್ಯವಾದದ್ದು 'ಜಾಗದ ಪಟ್ಟಿ'. ಹಳೆಯ ಕ್ಯಾಲೆಂಡರ್ ರಟ್ಟನ್ನೋ ನೋಟ್‌ಬುಕ್ ಹೊದಿಕೆಯನ್ನೋ 3 ಇಂಚು ಅಗಲ, 12 ಇಂಚು ಉದ್ದಕ್ಕೆ ಕತ್ತರಿಸಿ ತುದಿಗೆ ತಂಡದ ಬಣ್ಣ ಬಳಿಯಿರಿ. ತಂಡಕ್ಕೆ ಎರಡರಂತೆ ಹತ್ತು ಸಾಕು. ಮಗು ಪುಸ್ತಕ ಎಳೆಯುವ ಮೊದಲೇ ಅದರ ಪಕ್ಕಕ್ಕೆ ಪಟ್ಟಿ ತೂರಿಸಬೇಕು, ಪುಸ್ತಕ ವಾಪಸ್ ಇಟ್ಟ ಮೇಲೆಯೇ ಪಟ್ಟಿ ಹೊರಗೆ. ಕೈಯಲ್ಲಿ ಇರುವುದು ಎರಡೇ ಪಟ್ಟಿಯಾದ್ದರಿಂದ ಒಂದು ತಂಡ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಪುಸ್ತಕ ತೆಗೆಯಲಾಗದು. ಹನ್ನೆರಡು ಇಂಚು ಏಕೆಂದರೆ, ಪುಸ್ತಕಗಳ ನಡುವೆ ನಿಲ್ಲಿಸಿದಾಗ ಬಣ್ಣದ ತುದಿ ನಾಲ್ಕೈದು ಇಂಚು ಹೊರಗೆ ಚಾಚಿರಬೇಕು. ಚಿಕ್ಕದು ಮಾಡಿದರೆ ಪುಸ್ತಕಗಳ ನಡುವೆ ಮುಳುಗಿ ಹೋಗುತ್ತದೆ, ಆಮೇಲೆ ಅದನ್ನು ಹುಡುಕುವುದೇ ಇನ್ನೊಂದು ಬೇಟೆ.

ಪುಸ್ತಕದೊಳಗೆ ಚೀಟಿ ಬಚ್ಚಿಟ್ಟು ನಿಧಿ ಹುಡುಕಿಸುವ ಪದ್ಧತಿ ಬಹಳ ಕಡೆ ಇದೆ. ಅದು ಬೇಡ. ಚೀಟಿ ಎಲ್ಲೋ ಇದೆ ಎಂದು ಗೊತ್ತಾದ ಮಗು ಓದುವುದಿಲ್ಲ, ಪುಸ್ತಕದ ಎರಡೂ ರಟ್ಟು ಹಿಡಿದು ತಲೆಕೆಳಗೆ ಮಾಡಿ ಒದರುತ್ತದೆ. ಹೊಲಿಗೆ ಸಡಿಲಾದ ಹಳೆಯ ಪುಸ್ತಕದಲ್ಲಿ ಚೀಟಿಯ ಜೊತೆ ಹಾಳೆಯೂ ಉದುರುತ್ತದೆ.

ಒಂದು ವಾರ ಮೊದಲು

ಬೀರುಗಳನ್ನು ಒಮ್ಮೆ ನೀವೇ ಓದಿ: ಸಂಖ್ಯೆಯ ಪ್ರಕಾರ ಪುಸ್ತಕ ಎಡದಿಂದ ಬಲಕ್ಕೆ, ಮೇಲಿನ ಅರೆಯಿಂದ ಕೆಳಗಿನ ಅರೆಗೆ ಸಾಲಾಗಿ ಇದೆಯೇ? ಎಲ್ಲ ಬೀರು ಸರಿಮಾಡಲು ಹೋಗಬೇಡಿ. ಆಟಕ್ಕೆ ಬಳಸುವ ಅರೆಗಳಷ್ಟೇ ಸಾಕು. ನಾಲ್ಕಡಿಗಿಂತ ಮೇಲಿನ ಅರೆಯಲ್ಲಿ ಯಾವ ಉತ್ತರವೂ ಇರಬಾರದು. ಅಲ್ಲಿಗೆ ಕೈ ಎಟುಕದ ಮಗು ಕೆಳಗಿನ ಅರೆಯ ಮೇಲೆ ಕಾಲಿಟ್ಟು ಹತ್ತುತ್ತದೆ, ತೆರೆದ ಬಾಗಿಲಿಗೆ ಜೋತುಬಿದ್ದರೆ ಕಬ್ಬಿಣದ ಬೀರು ಮುಂದಕ್ಕೆ ವಾಲುತ್ತದೆ. ಬಾಗಿಲಿರುವ ಬೀರುವನ್ನು ಪೂರ್ತಿ ತೆರೆದು, ಬಾಗಿಲಿನ ಕೆಳಗೆ ಮರದ ಬೆಣೆ ಕೊಡಿ. ಗಾಜಿನ ಬಾಗಿಲಿನ ಬೀರು ಆಟದಿಂದಲೇ ಹೊರಗಿರಲಿ.

ಪುಸ್ತಕಗಳಿಗೆ ವಿಷಯಕ್ಕೆ ತಕ್ಕ ವರ್ಗಸಂಖ್ಯೆ ಇಲ್ಲದ ಶಾಲೆಗಳೇ ಹೆಚ್ಚು, ದಾಖಲಾತಿ ಸಂಖ್ಯೆಯೊಂದೇ ಇರುತ್ತದೆ. ಅಂಥಲ್ಲಿ ಬೀರುವಿಗೆ ಅಕ್ಷರ, ಅರೆಗೆ ಅಂಕಿ ಕೊಡಿ. 'ಕ-3' ಅಂದರೆ ಕ ಬೀರುವಿನ ಮೇಲಿನಿಂದ ಮೂರನೇ ಅರೆ. ಬೀರುವೇ ಇಲ್ಲ, ಪುಸ್ತಕ ಟ್ರಂಕಿನಲ್ಲಿದೆ ಎಂದಾದರೆ ಅರವತ್ತು ಪುಸ್ತಕ ಆರಿಸಿ ಐದು ಬೆಂಚಿನ ಮೇಲೆ ಬೆನ್ನು ಮೇಲಾಗಿ, ಸಂಖ್ಯೆಯ ಸಾಲಿನಲ್ಲಿ ನಿಲ್ಲಿಸಿ. ಆಟಕ್ಕೆ ಕೋಣೆಗಿಂತ ಕ್ರಮವೇ ಮುಖ್ಯ.

ಐದು ಮನೆಗಳ ಪ್ರಶ್ನೆ

ಪ್ರತಿ ಮನೆಗೆ ಎರಡು ಪ್ರಶ್ನೆ. ಮೊದಲನೆಯದು ಎಲ್ಲ ತಂಡಕ್ಕೂ ಒಂದೇ, ಎರಡನೆಯದು ಬಣ್ಣಕ್ಕೆ ತಕ್ಕಂತೆ ಬೇರೆ. ಇಲ್ಲದಿದ್ದರೆ ಮನೆ ಬದಲಾಯಿಸುವ ಆ ಹತ್ತು ಸೆಕೆಂಡಿನಲ್ಲಿ ಉತ್ತರವೂ ಕೈ ಬದಲಾಯಿಸುತ್ತದೆ. ಎರಡನೇ ಗುಂಪಿಗೆ ಮೊದಲನೇ ಪ್ರಶ್ನೆಗಳನ್ನೂ ಬದಲಿಸಿ.

ಎಲ್ಲ ಪ್ರಶ್ನೆಗೂ ಒಂದು ನಿಯಮ: ಉತ್ತರದ ಜೊತೆ ಪುಟಸಂಖ್ಯೆ ಬರೆಯಬೇಕು. "ಕರ್ನಾಟಕದ ರಾಜ್ಯಪಕ್ಷಿ ಯಾವುದು?" ಎಂಬ ಪ್ರಶ್ನೆಗೆ ಪುಸ್ತಕ ಬೇಕಿಲ್ಲ, ನೀಲಕಂಠ ಎಂದು ನಿಂತಲ್ಲೇ ಬರೆಯುತ್ತಾರೆ. "ಹಕ್ಕಿಗಳ ಪುಸ್ತಕದಲ್ಲಿ ನೀಲಕಂಠದ ಚಿತ್ರ ಯಾವ ಪುಟದಲ್ಲಿದೆ, ಅದೇ ಪುಟದಲ್ಲಿರುವ ಇನ್ನೊಂದು ಹಕ್ಕಿ ಯಾವುದು?" ಎಂದರೆ ಪುಸ್ತಕ ತೆರೆಯಲೇಬೇಕು. ಉತ್ತರ ಒಂದು ಪದ ಅಥವಾ ಒಂದು ಅಂಕಿ ಇರಲಿ. ವಾಕ್ಯ ಬರೆಯುವ ಪ್ರಶ್ನೆ ಕೊಟ್ಟರೆ ಐದು ನಿಮಿಷ ಬರೆಯುವುದಕ್ಕೇ ಹೋಗುತ್ತದೆ, ಮೌಲ್ಯಮಾಪನ ಮಾಡುವಾಗ ನಿಮಗೂ ತಲೆನೋವು.

ಒಂದನೇ ಮನೆ, ಸಂಖ್ಯೆ. ಡ್ಯೂಯಿ ದಶಮಾಂಶ ವರ್ಗೀಕರಣ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ, ಇರುವ ಗ್ರಂಥಾಲಯಕ್ಕೆ ಇದು. ನೂರರ ಹತ್ತು ವರ್ಗಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಡಿ: 500 ವಿಜ್ಞಾನ, 600 ತಂತ್ರಜ್ಞಾನ, 700 ಕಲೆ ಮತ್ತು ಕ್ರೀಡೆ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ, ಹೀಗೆ. ಒಳ್ಳೆಯ ಪ್ರಶ್ನೆ ಹುಟ್ಟುವುದು ಮಕ್ಕಳ ಊಹೆ ತಪ್ಪುವ ಕಡೆ. ಕ್ರಿಕೆಟ್ ಪುಸ್ತಕ ಸಂಗೀತವೂ ಇರುವ 700ರ ವರ್ಗದಲ್ಲೇ, 796ರಲ್ಲಿ. ಅಡುಗೆ ತಂತ್ರಜ್ಞಾನದ ಜೊತೆ, 641ರಲ್ಲಿ. ಪ್ರಾಣಿಯ ಪುಸ್ತಕ ಎರಡು ಕಡೆ: ಕಾಡುಪ್ರಾಣಿ 599ರಲ್ಲಿ, ಹಟ್ಟಿಯ ಹಸು 636ರಲ್ಲಿ. "ಹುಲಿಯ ಪುಸ್ತಕ ಮತ್ತು ಹೈನುಗಾರಿಕೆಯ ಪುಸ್ತಕ, ಎರಡರ ಸಂಖ್ಯೆ ಬರೆಯಿರಿ" ಎಂದರೆ ತಂಡದೊಳಗೆ ಒಳ್ಳೆಯ ಜಗಳ ಹತ್ತುತ್ತದೆ. ಆ ಜಗಳವೇ ಬೇಕಾದದ್ದು.

ಈ ಮನೆಯಲ್ಲಿ ಮಕ್ಕಳು ಎಡವುವುದು ಚುಕ್ಕಿಯ ನಂತರದ ಅಂಕಿಯಲ್ಲಿ. ಶನಿಗ್ರಹದ ಪುಸ್ತಕ 523.46, ನಕ್ಷತ್ರದ ಪುಸ್ತಕ 523.8. ನಲವತ್ತಾರು ಎಂಟಕ್ಕಿಂತ ದೊಡ್ಡದು ತಾನೇ ಎಂದು ಶನಿಯನ್ನು ನಕ್ಷತ್ರದ ಬಲಕ್ಕೆ ಹುಡುಕುತ್ತಾರೆ, ವಾಪಸ್ ಇಡುವಾಗ ಅಲ್ಲೇ ಇಡುತ್ತಾರೆ. ದಶಮಾಂಶದ ಪಾಠ ಆಗಿದ್ದರೂ ಈ ತಪ್ಪು ಬರುತ್ತದೆ. ರೂಪಾಯಿ ಪೈಸೆಯಲ್ಲಿ ಹೇಳಿ: 523 ರೂಪಾಯಿ 46 ಪೈಸೆ, 523 ರೂಪಾಯಿ 80 ಪೈಸೆ. ಯಾವುದು ಮೊದಲು? ಕಪ್ಪುಹಲಗೆಯ ಮೇಲೆ ಇಂಥ ಎರಡು ಜೋಡಿ ಬರೆದು ತೋರಿಸಿದ ಮೇಲೆಯೇ ಆಟ ಶುರುಮಾಡಿ.

ಎರಡನೇ ಮನೆ, ನಿಘಂಟು. "ಈ ಪದದ ಅರ್ಥವೇನು?" ಎಂದು ಕೇಳಬೇಡಿ. "ನಿಘಂಟಿನಲ್ಲಿ ಈ ಪದದ ಹಿಂದಿನ ಪದ ಯಾವುದು, ಮುಂದಿನದು ಯಾವುದು?" ಎಂದು ಕೇಳಿ, ಊಹಿಸಲು ಸಾಧ್ಯವೇ ಇಲ್ಲ. ಕೆಂಪು ತಂಡಕ್ಕೆ ಅಂಗಳ, ಹಸಿರಿಗೆ ಕ್ಷಮೆ, ನೀಲಿಗೆ ಜ್ಞಾನ, ಹಳದಿಗೆ ಕ್ರಮ, ಬಿಳಿಗೆ ಬಳಪ. ಐದೂ ಬಲೆಯೇ. ವರ್ಣಮಾಲೆಯಲ್ಲಿ ಅಂ, ಔ ಆದ ಮೇಲೆ ಬರುವುದರಿಂದ ಅಂಗಳವನ್ನು ಔಷಧದ ಆಚೆ ಹುಡುಕುತ್ತಾರೆ, ಆದರೆ ಬಹಳಷ್ಟು ನಿಘಂಟುಗಳಲ್ಲಿ ಅದು ಅಕಾರದ ಆರಂಭದಲ್ಲೇ ಇರುತ್ತದೆ. ಕ್ಷ, ಜ್ಞ ಎರಡನ್ನೂ ಕೋಷ್ಟಕದ ಕೊನೆಗೆ ಬಾಯಿಪಾಠ ಮಾಡಿದ ಮಕ್ಕಳು ಪುಸ್ತಕದ ಕೊನೆಯ ಪುಟಕ್ಕೇ ಹೋಗುತ್ತಾರೆ. ಕ್ಷಮೆ ಇರುವುದು ಕಕಾರದಲ್ಲಿ, ಜ್ಞಾನ ಜಕಾರದಲ್ಲಿ. ಒತ್ತಕ್ಷರವಿರುವ ಕ್ರಮ, ಗುಣಿತವೆಲ್ಲ ಮುಗಿದು ಕೌತುಕವೂ ದಾಟಿದ ಮೇಲೆ. ಬಹಳ ಆದ ಮೇಲೆ ಬಳಪ, ಏಕೆಂದರೆ ಹ ಆದ ಮೇಲೆ ಳ. ಪ್ರಶ್ನೆ ಅಂತಿಮ ಮಾಡುವ ಮೊದಲು ನಿಮ್ಮ ಶಾಲೆಯ ಪ್ರತಿಯನ್ನೇ ತೆರೆದು ಉತ್ತರ ಬರೆದುಕೊಳ್ಳಿ, ನಿಘಂಟಿನಿಂದ ನಿಘಂಟಿಗೆ ಪದಗಳು ಹೆಚ್ಚುಕಡಿಮೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಶಾಲೆಯಲ್ಲಿದ್ದರೆ ಇನ್ನೂ ಚೆನ್ನ, ಯಾವ ಸಂಪುಟ ಎಂದು ಆರಿಸುವುದೇ ಮೊದಲ ಹೆಜ್ಜೆಯಾಗುತ್ತದೆ.

ಮೂರನೇ ಮನೆ, ಪರಿವಿಡಿ ಮತ್ತು ಪದಸೂಚಿ. ಹಿಂಬದಿಯಲ್ಲಿ ಪದಸೂಚಿ ಇರುವ ಒಂದು ಮಾಹಿತಿ ಪುಸ್ತಕ ಆರಿಸಿ. ಕನ್ನಡದಲ್ಲಿ ಅಂಥವು ಕಡಿಮೆ, ವಿಶ್ವಕೋಶದ ಸಂಪುಟವೋ ಇಂಗ್ಲಿಷ್ ಪುಸ್ತಕವೋ ಆದೀತು. "ಪದಸೂಚಿಯ ಪ್ರಕಾರ ಜೇಡದ ವಿಷಯ ಎಷ್ಟು ಪುಟಗಳಲ್ಲಿ ಬಂದಿದೆ? ಪರಿವಿಡಿಯಲ್ಲಿ ಜೇಡದ ಹೆಸರಿದೆಯೇ?" ಒಂದೇ ಪ್ರಶ್ನೆಯಲ್ಲಿ ಎರಡರ ವ್ಯತ್ಯಾಸ ತಿಳಿಯುತ್ತದೆ.

ನಾಲ್ಕನೇ ಮನೆ, ಅಟ್ಲಾಸ್. ಹಿಂಬದಿಯ ಸೂಚಿಯಿಂದ ಊರಿನ ಪುಟ ಮತ್ತು ಚೌಕದ ಗುರುತು ಕಂಡುಹಿಡಿಯುವ ಪ್ರಶ್ನೆ ಇಲ್ಲಿಗೆ ಸರಿ. ಆದರೆ ಅಟ್ಲಾಸಿನ ವಯಸ್ಸು ನೋಡಿಕೊಳ್ಳಿ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಸೇರಿ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಅದಕ್ಕೂ ಹಿಂದೆ ಅಚ್ಚಾದ ಅಟ್ಲಾಸಿನಲ್ಲಿ ಕಲಬುರಗಿ ಸಿಗುವುದಿಲ್ಲ, ಗುಲ್ಬರ್ಗ ಇರುತ್ತದೆ. ವಿಜಯಪುರ ಹುಡುಕಿದರೆ ಬಿಜಾಪುರ. ಈ ದೋಷವನ್ನೇ ಪ್ರಶ್ನೆ ಮಾಡಿಕೊಳ್ಳಬಹುದು: "ಕರ್ನಾಟಕದ ನಕ್ಷೆಯಲ್ಲಿ ಜಿಲ್ಲೆಗಳನ್ನು ಎಣಿಸಿ, ಈ ಅಟ್ಲಾಸ್ ಯಾವ ಕಾಲದ್ದು ಹೇಳಿ." ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಇಡಿ: 1997ಕ್ಕೂ ಮೊದಲು 20 ಜಿಲ್ಲೆ, ಆಮೇಲೆ 27, 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಸೇರಿ 29, ಯಾದಗಿರಿ ಸೇರಿ 30, 2021ರಲ್ಲಿ ವಿಜಯನಗರ ಸೇರಿ 31. ಎಣಿಸುವುದಕ್ಕೆ ಮೂರು ನಿಮಿಷ ಬೇಕು, ಹಾಗಾಗಿ ಈ ಮನೆಯ ಎರಡನೇ ಪ್ರಶ್ನೆ ಸುಲಭದ್ದಿರಲಿ.

ಐದನೇ ಮನೆ, ಲೇಖಕರು. ಕಥೆ, ಕಾದಂಬರಿಗಳನ್ನು ಲೇಖಕರ ಹೆಸರಿನ ಪ್ರಕಾರ ಜೋಡಿಸಿದ್ದರೆ ಮಾತ್ರ ಇದು ನಡೆಯುತ್ತದೆ. ಕನ್ನಡದ ಹೆಸರುಗಳು ಇಲ್ಲಿ ಪೇಚಿಗೆ ಸಿಕ್ಕಿಸುತ್ತವೆ: ಕೆ.ವಿ. ಪುಟ್ಟಪ್ಪ ಎಂದರೆ 'ಕೆ'ಯಲ್ಲೋ 'ಪು'ವಿನಲ್ಲೋ, ಕುವೆಂಪು ಎಂದು 'ಕು'ವಿನಲ್ಲೋ? ಯಾವುದಾದರೂ ಒಂದನ್ನು ನಿಶ್ಚಯಿಸಿ, ಉಳಿದ ಹೆಸರಿನ ಜಾಗದಲ್ಲಿ "ಕುವೆಂಪು ನೋಡಿ" ಎಂದು ಬರೆದ ರಟ್ಟು ನಿಲ್ಲಿಸಿ. ಆ ರಟ್ಟನ್ನು ಹಿಡಿದು ಸರಿಯಾದ ಅರೆಗೆ ಹೋಗುವುದೇ ಪ್ರಶ್ನೆ.

ಹಿಂದಿನ ದಿನ, ಅದೇ ದಿನ

ಹಿಂದಿನ ದಿನ ಮೇಲಿನ ತರಗತಿಯ ಇಬ್ಬರನ್ನು ಕರೆದು ಎಲ್ಲ ಚೀಟಿಗಳನ್ನೂ ಆಡಿಸಿ ನೋಡಿ. ಅವರಿಗೆ ಒಂದು ಮನೆಗೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಚಿಕ್ಕವರಿಗೆ ಐದರಲ್ಲಿ ಮುಗಿಯದು, ಪ್ರಶ್ನೆ ಸುಲಭ ಮಾಡಿ. ಆಟಕ್ಕೆ ಬೇಕಾದ ಪುಸ್ತಕಗಳನ್ನು ಆ ದಿನ ಯಾರಿಗೂ ಎರವಲು ಕೊಡಬೇಡಿ. ಬೆಳಿಗ್ಗೆ ಮತ್ತೊಮ್ಮೆ ಒಂದೊಂದನ್ನೂ ಮುಟ್ಟಿ ನೋಡಿ. ಶಿಕ್ಷಕರ ಮೇಜಿಗೆ ಹೋಗಿ ಕುಳಿತ ಒಂದು ಪುಸ್ತಕ ಐದು ತಂಡದ ಆಟ ಕೆಡಿಸುತ್ತದೆ. ಪ್ರತಿ ಮನೆಗೂ ಒಂದು ಬದಲಿ ಪ್ರಶ್ನೆ ಜೇಬಿನಲ್ಲಿರಲಿ.

ತಂಡ ಮಾಡುವಾಗ ಓದಲು ತಡವರಿಸುವ ಮಗುವನ್ನು ಒಂದನೇ ಮನೆಯಲ್ಲಿ ಪುಸ್ತಕ ತೆಗೆಯುವವರನ್ನಾಗಿ ಮಾಡಿ. ಸಂಖ್ಯೆ ಹುಡುಕುವುದಕ್ಕೆ ಓದು ಹೆಚ್ಚು ಬೇಡ, ಗೆದ್ದ ಧೈರ್ಯದಲ್ಲಿ ಮುಂದಿನ ಮನೆಗೆ ಹೋಗುತ್ತದೆ.

ಅಂಕಗಳು ಹೀಗೆ: ಸರಿಯಾದ ಉತ್ತರಕ್ಕೆ 2, ಪುಟಸಂಖ್ಯೆಗೆ 1, ಮನೆ ಬಿಡುವಾಗ ಪುಸ್ತಕ ಸರಿಯಾದ ಜಾಗದಲ್ಲಿದ್ದರೆ 2. ಪಟ್ಟಿ ತೂರಿಸದೆ ಪುಸ್ತಕ ಎಳೆದರೆ 1 ಕಡಿತ. ಬೇಗ ಮುಗಿಸಿದ್ದಕ್ಕೆ ಅಂಕ ಕೊಡಬೇಡಿ, ಕೊಟ್ಟ ಕ್ಷಣದಿಂದ ಓಟ ಶುರು. ಬೇಗ ಮುಗಿಸಿದ ತಂಡ ಗಂಟೆ ಬಾರಿಸುವವರೆಗೆ ಆ ಮನೆಯ ಪುಸ್ತಕವನ್ನೇ ತಿರುವಿಹಾಕುತ್ತ ಇರಲಿ, ಎಷ್ಟೋ ಸಲ ಎರವಲು ಕೇಳುವುದು ಆ ಪುಸ್ತಕವನ್ನೇ. ಗೆದ್ದವರಿಗೆ ಒಂದು ವಾರ ಒಂದು ಪುಸ್ತಕ ಹೆಚ್ಚು ಒಯ್ಯುವ ಅವಕಾಶ, ಅಥವಾ ಹೊಸದಾಗಿ ಬಂದ ಪುಸ್ತಕಗಳ ಕಟ್ಟು ಬಿಚ್ಚುವ ಅವಕಾಶ ಕೊಡಿ. ಚಾಕೊಲೇಟ್‌ಗಿಂತ ಅಗ್ಗ, ಪುಸ್ತಕಕ್ಕೆ ಅಂಟೂ ಆಗುವುದಿಲ್ಲ.

ಪುಸ್ತಕದ ಜಾಗ ಮರೆತ ತಂಡಕ್ಕೆ ಒಂದು ಮೇಜು ಇಟ್ಟಿರಿ. ಅನುಮಾನವಿದ್ದರೆ ಬೀರುವಿಗೆ ತುರುಕದೆ ಮೇಜಿನ ಮೇಲಿಡಲಿ, ಅಂಕ ಕಡಿತವಿಲ್ಲ. ತಪ್ಪು ಅರೆಗೆ ಸೇರಿದ ಪುಸ್ತಕ ಕಳೆದುಹೋದಂತೆಯೇ, ಮೇಜಿನ ಮೇಲಿರುವುದನ್ನು ಎರಡು ನಿಮಿಷದಲ್ಲಿ ಜಾಗಕ್ಕೆ ಸೇರಿಸಬಹುದು.

ಯಾವಾಗ ನಡೆಸುವುದು ಎಂದರೆ ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹಕ್ಕೆ ಎಲ್ಲರೂ ಹೇಳುತ್ತಾರೆ. ಆದರೆ ಅಷ್ಟು ಹೊತ್ತಿಗೆ ಅರ್ಧ ವರ್ಷ ಮುಗಿದಿರುತ್ತದೆ, ಬೀರುವಿನ ದಾರಿ ಕಲಿತ ಪ್ರಯೋಜನ ಉಳಿದರ್ಧಕ್ಕೆ ಮಾತ್ರ. ಆಗಸ್ಟ್ 12, ಗ್ರಂಥಪಾಲಕರ ದಿನ, ಹೆಚ್ಚು ಅನುಕೂಲ. ಅದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ನೆನಪಿನ ದಿನ. 1931ರಲ್ಲಿ ಅವರು ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎಂಬುದು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಕಟ್ಟಿದವರೂ ಅವರೇ.

ಆಟದ ಮರುದಿನ ಉತ್ತರ ಹಾಳೆಗಳನ್ನು ತಂಡದ ಲೆಕ್ಕದಲ್ಲಿ ನೋಡಬೇಡಿ, ಮನೆಯ ಲೆಕ್ಕದಲ್ಲಿ ನೋಡಿ. ಹತ್ತು ತಂಡಗಳಲ್ಲಿ ಏಳು ಒಂದನೇ ಮನೆಯಲ್ಲಿ ತಪ್ಪಿದ್ದರೆ ಮುಂದಿನ ಗ್ರಂಥಾಲಯ ಪೀರಿಯಡ್ ಪೂರ್ತಿ ಚುಕ್ಕಿಯ ನಂತರದ ಅಂಕಿಗೆ. ಎಲ್ಲ ತಂಡವೂ ಸರಿ ಬರೆದ ಪ್ರಶ್ನೆಯನ್ನು ಮುಂದಿನ ವರ್ಷ ಕೈಬಿಡಿ. ಚೀಟಿಗಳನ್ನು ಲಕೋಟೆಗೆ ಹಾಕಿ ಮೇಲೆ ವರ್ಷ, ತರಗತಿ ಬರೆದಿಡಿ. ಜಾಗದ ಪಟ್ಟಿಗಳನ್ನು ಮಾತ್ರ ಒಳಗಿಡಬೇಡಿ, ಗ್ರಂಥಾಲಯದ ಬಾಗಿಲ ಬಳಿ ಒಂದು ಡಬ್ಬದಲ್ಲಿ ನಿಲ್ಲಿಸಿ. ಎರವಲಿನ ದಿನಗಳಲ್ಲೂ ಮಕ್ಕಳು ಅವನ್ನು ತಾವಾಗಿಯೇ ಎತ್ತಿಕೊಂಡು ಬೀರುವಿನ ಕಡೆ ಹೋಗುತ್ತಾರೆ.